ಕಿಟ್‌ನ ಕೆಂಪು ವೈನ್: ಎಷ್ಟು ತಿಂಗಳು ಇಡಬೇಕು, ಬಸಿದರೆ ಏನು ಸಿಗುತ್ತದೆ?

ನೆಲಮಾಳಿಗೆ_ಮಿಸಿಸಾಗಾ

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆ ತುಂಬ ದಿನದಿಂದ ತಲೆಯಲ್ಲಿ ಕೂತಿದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ಮೊದಲ ಸಲ ಮನೆಯಲ್ಲೇ ವೈನ್ ಮಾಡುವ ಕಿಟ್, ಅಂದರೆ ದ್ರಾಕ್ಷಿ ರಸ, ಪುಡಿ ಎಲ್ಲ ಒಟ್ಟಿಗೆ ಬರುವ ಡಬ್ಬ, ತಂದು ಕ್ಯಾಬರ್ನೆ ಸೊವಿನ್ಯೋನ್ ಎಂಬ ಕೆಂಪು ವೈನ್ ಮಾಡಿದೆ. ಹೆಚ್ಚಿನ ಕಿಟ್‌ಗಳ ಹಾಗೆ 23 ಲೀಟರ್, 30 ಬಾಟಲಿ. ಡಬ್ಬದ ಮೇಲೆ ಆರು ವಾರ ಎಂದು ಬರೆದಿತ್ತು, ನಾನು ಅದನ್ನು ಕುಡಿಯುವ ದಿನ ಎಂದೇ ತಿಳಿದುಕೊಂಡೆ. ಬಾಟಲಿಗೆ ತುಂಬಿ ಎರಡೇ ವಾರಕ್ಕೆ ತೆಗೆದೆವು. ನಾಲಿಗೆಯ ಮೇಲೆ ಚುರುಚುರು, ಆಮೇಲೆ ಬರೀ ಒಗರು, ಮೂಗಿಗೆ ಬೆಂಕಿಕಡ್ಡಿ ಗೀರಿದ ವಾಸನೆ. ಆದರೂ ಮನೆಗೆ ಬಂದವರಿಗೆಲ್ಲ ಕೊಟ್ಟೆ, ಸ್ವಂತ ಕೈಯಲ್ಲಿ ಮಾಡಿದ್ದು ಅಲ್ವಾ, ಖುಷಿ. ನಾಲ್ಕು ತಿಂಗಳಲ್ಲಿ 29 ಬಾಟಲಿ ಖಾಲಿ.

ಮೂವತ್ತನೆಯದು ಹೋದ ತಿಂಗಳು ಸಿಕ್ಕಿತು. ಮೆಟ್ಟಿಲ ಕೆಳಗೆ ಹಳೆಯ ಸೂಟ್‌ಕೇಸಿನ ಹಿಂದೆ ಮಲಗಿತ್ತು, ಲೆಕ್ಕ ಹಾಕಿದರೆ 19 ತಿಂಗಳು. ತೆಗೆದು ಒಂದು ಗುಟುಕು ಕುಡಿದು ಇಬ್ಬರೂ ಸುಮ್ನೆ ಕೂತೆವು. ಅದೇ ವೈನ್ ಎಂದು ನಂಬಲು ಆಗಲಿಲ್ಲ. ಒಗರು ಇದೆ, ಆದರೆ ಹಣ್ಣಾದ ನೇರಳೆ ಹಣ್ಣಿನ ಒಗರಿನ ಹಾಗೆ, ಹಿತವಾಗಿ.

ಈಗ ಎರಡನೇ ಕಿಟ್ ಮಾಡಿ ತುಂಬಿ ಎರಡು ತಿಂಗಳಾಗಿದೆ. ಗೆಳೆಯರೊಬ್ಬರು ಹೇಳುತ್ತಾರೆ, ಅಷ್ಟೆಲ್ಲ ಕಾಯಬೇಡ, ಅಗಲ ಬಾಯಿಯ ಜಗ್‌ಗೆ ಬಸಿದು ಎರಡು ಗಂಟೆ ಬಿಡು, ವರ್ಷದ ಕೆಲಸ ಆಗುತ್ತದೆ ಎಂದು. ನಿಜವಾ? ಕಿಟ್ ವೈನ್ ಎಷ್ಟು ದಿನ ಇಟ್ಟರೆ ಒಳ್ಳೆಯದು, ಎಲ್ಲಿಗೆ ನಿಲ್ಲಿಸಬೇಕು? ಮಾಡಿ ನೋಡಿದವರು ಹೇಳಿ.

ಒಗರು_ಪ್ರಿಯ, ಕ್ಯಾಲ್ಗರಿ

ಆ ಮೂವತ್ತನೇ ಬಾಟಲಿ ನಮ್ಮೆಲ್ಲರ ಮನೆಯಲ್ಲೂ ಒಂದು ಸಲ ಸಿಕ್ಕಿದೆ. ನನಗೂ ಹಾಗೆಯೇ ಬುದ್ಧಿ ಬಂದದ್ದು.

ಮೊದಲು ನಿಮ್ಮ ಕಿಟ್ ಯಾವುದು ನೋಡಿ. ಡಬ್ಬದೊಳಗೆ ಎಷ್ಟು ಲೀಟರ್ ರಸ ಬಂದಿತ್ತು? ಎಂಟು ಹತ್ತು ಲೀಟರ್ ಗಟ್ಟಿ ರಸ ಬಂದು ಉಳಿದದ್ದು ನೀವು ನೀರು ಸೇರಿಸುವ ಕಿಟ್ ಆದರೆ ಅದರಲ್ಲಿ ಒಗರಿನ ಅಂಶವೇ ಕಡಿಮೆ. ಮೂರರಿಂದ ಆರು ತಿಂಗಳಿಗೆ ಅದು ತನ್ನ ಒಳ್ಳೆಯ ಕಾಲಕ್ಕೆ ಬರುತ್ತದೆ, ವರ್ಷ ವರ್ಷ ಇಟ್ಟು ಉಪಯೋಗ ಇಲ್ಲ. 14, 16, 18 ಲೀಟರ್ ರಸ ಬಂದು ಜೊತೆಗೆ ದ್ರಾಕ್ಷಿ ಸಿಪ್ಪೆಯ ಚೀಲವೂ ಇದ್ದರೆ ಅದು ಬೇರೆ ಜಾತಿ. ಅದು ಆರು ತಿಂಗಳಿಗೆ ಇನ್ನೂ ಮುನಿಸಿಕೊಂಡ ಹಾಗೇ ಇರುತ್ತದೆ, ವರ್ಷಕ್ಕೆ ಮಾತಾಡಲು ಶುರು ಮಾಡುತ್ತದೆ, ಎರಡು ವರ್ಷಕ್ಕೆ ಚೆನ್ನಾಗಿರುತ್ತದೆ. ಕೆಂಪು ವೈನಿಗೆ ಬಣ್ಣವೂ ಒಗರೂ ಬರುವುದು ಸಿಪ್ಪೆಯಿಂದ ತಾನೇ.

ಇಟ್ಟಾಗ ಒಳಗೆ ಆಗುವುದು ಇಷ್ಟು. ಹೊಸ ವೈನಿನಲ್ಲಿ ಬಾಯಿ ಕಟ್ಟುವುದು ಟ್ಯಾನಿನ್ ಎಂಬ ಒಗರಿನ ಅಂಶದಿಂದ. ತಿಂಗಳು ಕಳೆದ ಹಾಗೆ ಅದರ ಕಣಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಬಣ್ಣದ ಜೊತೆಗೂ ಕೂಡಿಕೊಳ್ಳುತ್ತವೆ. ತೀರಾ ದೊಡ್ಡದಾದದ್ದು ಗಸಿಯಾಗಿ ತಳಕ್ಕೆ ಕೂರುತ್ತದೆ. ಬಾಟಲಿಯ ಬಣ್ಣ ನೇರಳೆಯಿಂದ ನಿಧಾನಕ್ಕೆ ಇಟ್ಟಿಗೆಯ ಕೆಂಪಿಗೆ ತಿರುಗುವುದೂ ಇದರಿಂದಲೇ. ಎರಡು ಗಂಟೆಯ ಜಗ್ ಈ ಕೆಲಸ ಮಾಡಲ್ಲ. ಮಿಡಿ ಉಪ್ಪಿನಕಾಯಿ ಹಾಕಿದ ಮಾರನೇ ದಿನ ಎಷ್ಟು ಕಲಕಿದರೂ ಮಿಡಿ ಮೆತ್ತಗಾಗುತ್ತದಾ?

ಇನ್ನೊಂದು ವಿಷಯವನ್ನು ಜಾಸ್ತಿ ಜನ ಮರೆಯುತ್ತಾರೆ. ವೈನ್ ಕೆಡದಿರಲೆಂದು ಕಿಟ್ ಜೊತೆ ಬರುವ ಸಲ್ಫೈಟ್ ಪುಡಿ ಬೇಗ ಕುಡಿಯುವವರ ಲೆಕ್ಕಕ್ಕೆ ಕೊಟ್ಟಿರುವುದು. ಆರು ತಿಂಗಳಿಗಿಂತ ಜಾಸ್ತಿ ಇಡುವುದಾದರೆ ಬಾಟಲಿಗೆ ತುಂಬುವ ಮೊದಲು 23 ಲೀಟರಿಗೆ ಕಾಲು ಟೀ ಚಮಚ, ಅಂದರೆ ಸುಮಾರು 1.5 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹೆಚ್ಚಿಗೆ ಹಾಕಿ. ಅರ್ಧ ಲೋಟ ವೈನಿನಲ್ಲಿ ಪೂರ್ತಿ ಕರಗಿಸಿ ಆಮೇಲೆ ಸೇರಿಸಿ. ಇಲ್ಲದಿದ್ದರೆ ಎರಡನೇ ವರ್ಷಕ್ಕೆ ಹಣ್ಣಿನ ವಾಸನೆ ಹೋಗಿ ಒಣ ಬಾದಾಮಿ, ಕೊಯ್ದಿಟ್ಟ ಸೇಬಿನ ವಾಸನೆ ಬರುತ್ತದೆ. ಅದಕ್ಕೆ ಆಮೇಲೆ ಮದ್ದಿಲ್ಲ.

ಜಾಗದ ಬಗ್ಗೆ ನನಗಾದ ನಷ್ಟ ಹೇಳುತ್ತೇನೆ, ನೀವಾದರೂ ಉಳಿಸಿಕೊಳ್ಳಿ. ಮೊದಲ ವರ್ಷ ಒಂದು ಡಜನ್ ಬಾಟಲಿಯನ್ನು ಗ್ಯಾರೇಜಿನಲ್ಲಿ ಇಟ್ಟಿದ್ದೆ. ಜನವರಿಯಲ್ಲಿ ಮೈನಸ್ 28 ಬಂತು. ವೈನ್ ಮೈನಸ್ ಆರು ಏಳಕ್ಕೆಲ್ಲ ಗಡ್ಡೆ ಕಟ್ಟಲು ಶುರುವಾಗುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಬಿರಡೆಗಳೆಲ್ಲ ಅರ್ಧ ಬೆರಳು ಹೊರಗೆ ಬಂದು ನಿಂತಿವೆ, ಎರಡು ಬಾಟಲಿ ಸೀಳಿವೆ, ಸಿಮೆಂಟ್ ನೆಲದ ಮೇಲೆ ಕೆಂಪು ಐಸು. ಈಗ ಬೇಸ್‌ಮೆಂಟಿನಲ್ಲಿ, ಫರ್ನೇಸ್ ಇರುವ ಮೂಲೆಯಿಂದ ದೂರ, ಹೊರಗೋಡೆಗೆ ಒತ್ತಿ ಇಡುತ್ತೇನೆ. 13ರಿಂದ 16 ಡಿಗ್ರಿ ಇದ್ದರೆ ಸಾಕು, ಕತ್ತಲೆ ಇರಬೇಕು. ದಿನಕ್ಕೊಂದು ಉಷ್ಣತೆ ಆಗಬಾರದು, ಅದೇ ಮುಖ್ಯ. ಬಿರಡೆ ಹಾಕಿದ ಮೇಲೆ ಮೂರು ದಿನ ನೆಟ್ಟಗೆ ನಿಲ್ಲಿಸಿ, ಒಳಗಿನ ಒತ್ತಡ ಇಳಿಯಲಿ, ಆಮೇಲೆ ಮಲಗಿಸಿ.

ಹೊಸಬಳು_ಹ್ಯಾಲಿಫ್ಯಾಕ್ಸ್

ನಂದೂ ಒಂದು ಪ್ರಶ್ನೆ, ಇದೇ ಸಾಲಿನಲ್ಲಿ ಕೇಳಿಬಿಡುತ್ತೇನೆ. ಮೆರ್ಲೋ ಕಿಟ್ ಮಾಡಿ ನಾಲ್ಕು ತಿಂಗಳಾಯಿತು. ಮಿಸಿಸಾಗಾದವರು ಹೇಳಿದ ಆ ಚುರುಚುರು ನನ್ನದರಲ್ಲಿ ಇನ್ನೂ ಹೋಗಿಲ್ಲ. ಸೋಡಾ ಅಲ್ಲ, ಆದರೆ ನಾಲಿಗೆ ತುದಿಯಲ್ಲಿ ಸಣ್ಣಗೆ ಚುಚ್ಚುತ್ತದೆ. ಮತ್ತೆ ಹುದುಗುತ್ತಾ ಇದೆಯಾ? ಬಾಟಲಿ ಒಡೆಯುತ್ತದಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಭಯ ಆಗುತ್ತಿದೆ.

ಲ್ಯಾಬ್_ಕೋಟು, ವಿನಿಪೆಗ್

ಹ್ಯಾಲಿಫ್ಯಾಕ್ಸಿನವರೇ, ಮೊದಲು ಇದು ಹೇಳಿ: ತುಂಬುವ ಮೊದಲು ಹೈಡ್ರೋಮೀಟರ್, ಅಂದರೆ ಸಕ್ಕರೆ ಎಷ್ಟು ಉಳಿದಿದೆ ಎಂದು ತಿಳಿಯಲು ಸಾಂದ್ರತೆ ಅಳೆಯುವ ಕೊಳವೆ, ಎಷ್ಟು ತೋರಿಸಿತ್ತು? ಕೆಂಪು ಕಿಟ್ 1.090ರ ಆಸುಪಾಸು ಶುರುವಾಗಿ 0.996 ಅಥವಾ ಅದಕ್ಕಿಂತ ಕೆಳಗೆ ಇಳಿಯಬೇಕು, ಎರಡು ಮೂರು ದಿನ ಅಲ್ಲೇ ನಿಲ್ಲಬೇಕು. ಹಾಗೆ ನಿಂತಿದ್ದರೆ ಸಕ್ಕರೆ ಮುಗಿದಿದೆ, ಬಾಟಲಿ ಒಡೆಯುವ ಭಯ ಬೇಡ. ಅದು 1.000ಕ್ಕಿಂತ ಮೇಲೆ ಇದ್ದಾಗಲೇ ತುಂಬಿದ್ದರೆ ಎಲ್ಲ ಬಾಟಲಿಯನ್ನೂ ಇವತ್ತೇ ಮಕ್ಕಳ ಕೈಗೆ ಸಿಗದ ಕಡೆ ನೆಟ್ಟಗೆ ನಿಲ್ಲಿಸಿ, ಮೇಲೆ ದಪ್ಪ ಟವೆಲ್ ಹೊದಿಸಿ, ಒಂದನ್ನು ತೆಗೆದು ಅಳೆದು ನೋಡಿ.

ಜಾಸ್ತಿ ಸಲ ಈ ಚುರುಚುರು ಹುದುಗುವಾಗ ಹುಟ್ಟಿದ ಕಾರ್ಬನ್ ಡೈ ಆಕ್ಸೈಡ್. ಅದು ವೈನಿನಲ್ಲೇ ಕರಗಿ ಉಳಿದುಬಿಡುತ್ತದೆ. ದೊಡ್ಡ ವೈನರಿಯಲ್ಲಿ ವೈನ್ ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಇರುತ್ತದೆ, ಗ್ಯಾಸ್ ತಾನೇ ಹೊರಟುಹೋಗುತ್ತದೆ. ನಾವು ಆರು ವಾರದಲ್ಲಿ ಮುಗಿಸುವುದರಿಂದ ಡ್ರಿಲ್‌ಗೆ ಕಡ್ಡಿ ಸಿಕ್ಕಿಸಿ ಕಲಕಿ ತೆಗೆಯಬೇಕು. ಚಳಿಯ ಬೇಸ್‌ಮೆಂಟಿನಲ್ಲಿ ಕಲಕಿದರೆ ಗ್ಯಾಸ್ ಬಿಡುವುದಿಲ್ಲ, ತಣ್ಣಗಿದ್ದಷ್ಟೂ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ವೈನ್ ಇರುವ ದೊಡ್ಡ ಗಾಜಿನ ಬುರುಡೆಯನ್ನು (ಕಾರ್ಬಾಯ್) ಮೇಲೆ ತಂದು 22ರಿಂದ 24 ಡಿಗ್ರಿಗೆ ಬಂದ ಮೇಲೆ ಕಲಕಿ.

ಪರೀಕ್ಷೆ ಸುಲಭ. ಚಿಕ್ಕ ಬಾಟಲಿಗೆ ಅರ್ಧ ವೈನ್ ಹಾಕಿ. ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಹತ್ತು ಸಲ ಜೋರಾಗಿ ಕುಲುಕಿ. ಬೆರಳು ತೆಗೆದಾಗ ಪುಸ್ ಎಂದು ಉಸಿರು ಬಿಟ್ಟರೆ ಗ್ಯಾಸ್ ಇದೆ. ಸದ್ದೇ ಇಲ್ಲದಿದ್ದರೆ ತುಂಬಬಹುದು. ಈ ಒಂದು ನಿಮಿಷದ ಕೆಲಸವನ್ನು ತುಂಬುವ ಮೊದಲು ಮಾಡಿದರೆ ಅರ್ಧ ಜನರ ದೂರು ಇರುವುದೇ ಇಲ್ಲ.

ಮಿಸಿಸಾಗಾದವರಿಗೆ: ನಿಮ್ಮ ಗೆಳೆಯರ ಜಗ್‌ನಲ್ಲಿ ವೈನ್ ಚೆನ್ನಾಗಿ ಆಗಿದ್ದರೆ ಅದಕ್ಕೂ ಮುಖ್ಯ ಕಾರಣ ಇದೇ. ಬಸಿದಾಗ ಗ್ಯಾಸ್ ಹೋಗುತ್ತದೆ. ಕಡ್ಡಿ ಗೀರಿದ ವಾಸನೆ ಸಲ್ಫೈಟಿನದು, ಅದೂ ಸುಮಾರು ಹೋಗುತ್ತದೆ. ಮುಚ್ಚಿಕೊಂಡಿದ್ದ ಹಣ್ಣಿನ ಪರಿಮಳ ಮೇಲೆ ಬರುತ್ತದೆ. ಗ್ಯಾಸ್ ಇದ್ದಾಗ ಹುಳಿಯೂ ಒಗರೂ ಇರುವುದಕ್ಕಿಂತ ಜಾಸ್ತಿ ಎನಿಸುತ್ತವೆ, ಅದು ಹೋದರೆ ವೈನ್ ಮೆತ್ತಗಾದ ಹಾಗೆ ಕಾಣುತ್ತದೆ. ಆದರೆ ಟ್ಯಾನಿನ್ ಅಲ್ಲೇ ಇರುತ್ತದೆ.

ನೆಲಮಾಳಿಗೆ_ಮಿಸಿಸಾಗಾ

ಈಗಷ್ಟೇ ಹೆಬ್ಬೆರಳಿನ ಪರೀಕ್ಷೆ ಮಾಡಿದೆ. ಪುಸ್ ಅಲ್ಲ, ಟಪ್ ಎಂದು ಹಾರಿ ಅಂಗಿಯ ಮೇಲೆಲ್ಲ ಬಿತ್ತು! ಹೈಡ್ರೋಮೀಟರ್ 0.994 ಇತ್ತು, ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಅಂದರೆ ನಾನು ಸರಿಯಾಗಿ ಕಲಕಿಲ್ಲ. ಬೇಸ್‌ಮೆಂಟಿನಲ್ಲೇ ಕಲಕಿದ್ದೆ, ಅಲ್ಲಿ 15 ಡಿಗ್ರಿ ಇತ್ತು. ರಸ 14 ಲೀಟರಿನದು, ಸಿಪ್ಪೆ ಚೀಲ ಇತ್ತು.

ತಿಳಿ_ಬಸಿ, ವ್ಯಾಂಕೂವರ್

ಎಲ್ಲರೂ ಗಾಳಿಯ ಬಗ್ಗೆಯೇ ಹೇಳುತ್ತಿದ್ದೀರಿ. ಬಸಿಯುವುದು ಮೊದಲು ಗಸಿ ಬಿಡಿಸುವುದಕ್ಕೆ. ಕನ್ನಡದ ಮಾತಿನಲ್ಲೇ ಅದು ಇದೆ ನೋಡಿ, ಅನ್ನದ ಗಂಜಿ ಬಸಿಯುತ್ತೇವೆ, ಬೇಳೆಯ ಕಟ್ಟು ಬಸಿಯುತ್ತೇವೆ. ಅದಕ್ಕೆ ಗಾಳಿ ತಾಗಲಿ ಎಂದಲ್ಲ.

ನಾನು ಮಾಡುವ ರೀತಿ ಇದು. ಕುಡಿಯುವ ಎರಡು ದಿನ ಮೊದಲು ಬಾಟಲಿಯನ್ನು ಮಲಗಿದ್ದಲ್ಲಿಂದ ಎಬ್ಬಿಸಿ ನೆಟ್ಟಗೆ ನಿಲ್ಲಿಸುತ್ತೇನೆ. ಬದಿಗೆ ಅಂಟಿದ ಗಸಿ ತಳಕ್ಕೆ ಇಳಿಯುತ್ತದೆ. ಬಿರಡೆಯನ್ನು ಅಲುಗಾಡಿಸದೆ ತೆಗೆಯಬೇಕು. ಬಾಟಲಿಯ ಕತ್ತಿನ ಹಿಂದೆ ಒಂದು ದೀಪ, ಹಿಂದಿನವರಿಗೆ ಮೇಣದಬತ್ತಿ, ನನಗೆ ಫೋನಿನ ಟಾರ್ಚ್. ಒಂದೇ ಕೈಯಲ್ಲಿ, ಒಂದೇ ಧಾರೆಯಲ್ಲಿ, ಮಧ್ಯೆ ನಿಲ್ಲಿಸದೆ ಬಗ್ಗಿಸಬೇಕು. ನಿಲ್ಲಿಸಿ ಮತ್ತೆ ಬಗ್ಗಿಸಿದರೆ ಒಳಗೆ ಅಲೆ ಎದ್ದು ಗಸಿ ಕದಡುತ್ತದೆ. ಮುಕ್ಕಾಲು ಮುಗಿಯುವ ತನಕ ಕತ್ತಿನಲ್ಲಿ ತಿಳಿ ಕೆಂಪು ಮಾತ್ರ ಕಾಣುತ್ತದೆ, ಕೊನೆಗೆ ಹೊಗೆಯಂತೆ ಗಸಿಯ ಎಳೆ ಒಂದು ಬಾಟಲಿಯ ಭುಜದಿಂದ ಕತ್ತಿಗೆ ಹತ್ತುತ್ತದೆ. ಅಲ್ಲಿಗೆ ನಿಲ್ಲಿಸಿಬಿಡಿ. ಒಂದೂವರೆ ಬೆರಳು ಉಳಿದರೆ ಉಳಿಯಲಿ, ಆಸೆ ಪಡಬೇಡಿ. ನಾನು ಅದನ್ನು ಮಟನ್ ಬೇಯುವಾಗ ಹಾಕುತ್ತೇನೆ.

ಫ್ರಾನ್ಸಿನ ದೊಡ್ಡ ವೈನ್ ತಜ್ಞ ಎಮಿಲ್ ಪೇನೋ ಹೇಳಿದ್ದೂ ಇದನ್ನೇ. ಗಸಿ ಇದ್ದರೆ ಮಾತ್ರ ಬಸಿಯಿರಿ, ಅದೂ ಬಡಿಸುವ ಸ್ವಲ್ಪ ಮೊದಲು. ಜಾಸ್ತಿ ಹೊತ್ತು ಗಾಳಿಗೆ ಬಿಟ್ಟರೆ ಪರಿಮಳ ಮಸುಕಾಗುತ್ತದೆ. ಎರಡು ಗಂಟೆ ಜಗ್‌ನಲ್ಲಿಟ್ಟ ಹಳೆಯ ಕಿಟ್ ವೈನ್ ನೀರು ನೀರಾಗಿದ್ದನ್ನು ನಾನೇ ಕುಡಿದಿದ್ದೇನೆ.

ಒಗರು_ಪ್ರಿಯ, ಕ್ಯಾಲ್ಗರಿ

ಹಳೆಯದಕ್ಕೆ ನಿಮ್ಮ ಮಾತು ಸರಿ. ಎರಡು ವರ್ಷ ದಾಟಿದ್ದನ್ನು ನಾನೂ ಬಸಿದ ಕೂಡಲೇ ಬಡಿಸುತ್ತೇನೆ. ಆದರೆ ಎಳೆಯ ಕಿಟ್ ವೈನಿಗೆ ಈ ನಿಯಮ ಒಪ್ಪಲ್ಲ. ಅದರಲ್ಲಿ ಗಸಿ ಇರುವುದೇ ಇಲ್ಲ, ಬೆಂಟೊನೈಟ್, ಕೈಟೋಸಾನ್ ಎಂಬ ತಿಳಿಗೊಳಿಸುವ ವಸ್ತು ಹಾಕಿ ಎಲ್ಲ ಇಳಿಸಿರುತ್ತೇವೆ. ಅದಕ್ಕೆ ಬೇಕಿರುವುದು ಗಾಳಿಯೇ. ನಾನು ಎತ್ತರದಿಂದ, ಕಾಫಿ ಎತ್ತಿ ಹೊಯ್ಯುವ ಹಾಗೆ, ನೊರೆ ಬರುವಂತೆ ಜಗ್‌ಗೆ ಸುರಿಯುತ್ತೇನೆ, ಮತ್ತೆ ಬಾಟಲಿಗೆ, ಮತ್ತೆ ಜಗ್‌ಗೆ. ಆಮೇಲೆ 20 ನಿಮಿಷಕ್ಕೊಮ್ಮೆ ಒಂದು ಗುಟುಕು. ಗಡಿಯಾರ ನೋಡಿ ಬಡಿಸಬೇಡಿ, ನಾಲಿಗೆ ಕೇಳಿ.

ಹೊಸಬಳು_ಹ್ಯಾಲಿಫ್ಯಾಕ್ಸ್

ನನ್ನದೂ 0.996 ಇತ್ತು, ನೆಮ್ಮದಿ ಆಯಿತು. ತುಂಬಾ ಥ್ಯಾಂಕ್ಸ್. ಇನ್ನೆರಡು. ಒಂದು ಬಾಟಲಿಯ ತಳದಲ್ಲಿ ಗಾಜಿನ ಪುಡಿಯಂತೆ ಹೊಳೆಯುವ ಹರಳು ಇದೆ, ಕುಡಿಯಬಹುದಾ? ನೆರೆಮನೆಯ ಅಜ್ಜಿ ಅವರ ಮದುವೆಗೆ ಬಂದಿದ್ದ ಹಳೆಯ ಕ್ರಿಸ್ಟಲ್ ಡಿಕ್ಯಾಂಟರ್ (ವೈನ್ ಬಸಿಯುವ ಹೂಜಿ) ಕೊಟ್ಟಿದ್ದಾರೆ, ತುಂಬ ಭಾರ, ತುಂಬ ಚೆಂದ. ವೈನ್ ಅದರಲ್ಲೇ ಇಟ್ಟುಬಿಡಲಾ?

ಲ್ಯಾಬ್_ಕೋಟು, ವಿನಿಪೆಗ್

ಹರಳು ಗಾಜಲ್ಲ. ಹಲ್ಲಿನಲ್ಲಿ ಕಡಿದರೆ ಹುಳಿ ಹುಳಿ. ಅದು ಟಾರ್ಟಾರಿಕ್ ಆಮ್ಲದ ಪೊಟ್ಯಾಸಿಯಂ ಲವಣ, ದ್ರಾಕ್ಷಿಯದ್ದೇ. ಬೇಕಿಂಗ್‌ಗೆ ತರುವ ಕ್ರೀಮ್ ಆಫ್ ಟಾರ್ಟರ್ ಇದೇ ವಸ್ತು. ಚಳಿಗೆ ತಳಕ್ಕೆ ಬೀಳುತ್ತದೆ, ಬಸಿದು ಬಿಡಿ ಸಾಕು.

ಡಿಕ್ಯಾಂಟರ್ ವಿಷಯದಲ್ಲಿ ಮಾತ್ರ ಎಚ್ಚರ. ಹಳೆಯ ಭಾರದ ಕ್ರಿಸ್ಟಲ್ ಎಂದರೆ ಸೀಸ ಬೆರೆತ ಗಾಜು. ಊಟದ ಹೊತ್ತಿಗೆ ಒಂದು ಗಂಟೆ ಬಳಸಿದರೆ ಭಯವಿಲ್ಲ. ದಿನಗಟ್ಟಲೆ ವೈನ್ ಇಟ್ಟರೆ ಹುಳಿಗೆ ಸೀಸ ಬಿಟ್ಟುಕೊಳ್ಳುತ್ತದೆ. ಮಕ್ಕಳು, ಬಸುರಿಯರು ಇರುವ ಮನೆಯಲ್ಲಿ ಅದರಲ್ಲಿ ಜ್ಯೂಸ್ ಕೂಡ ಇಡಬೇಡಿ. ಕಪಾಟಿನಲ್ಲಿ ಅಂದಕ್ಕೆ ಇರಲಿ, ಬಸಿಯಲು ಸಾದಾ ಗಾಜಿನ ಜಗ್ ಬಳಸಿ.

ಬಸಿದರೂ ಹೋಗದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ವಿನೆಗರ್ ವಾಸನೆ ಹೋಗಲ್ಲ. ಒದ್ದೆ ರಟ್ಟಿನ ವಾಸನೆ ಬಿರಡೆಯ ದೋಷ, ಅದೂ ಹೋಗಲ್ಲ. ಜೆರೇನಿಯಂ ಎಲೆ ಹಿಸುಕಿದ ವಾಸನೆ ಬಂದರೆ ಮತ್ತೆ ಹುದುಗದಿರಲೆಂದು ಕಿಟ್‌ನಲ್ಲಿ ಕೊಡುವ ಸಾರ್ಬೇಟ್ ಮೇಲೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಕೆಲಸ ಮಾಡಿದೆ ಎಂದು ಅರ್ಥ. ಅದಕ್ಕೇ ಸಾರ್ಬೇಟ್ ಹಾಕಿದ ಕಿಟ್‌ಗೆ ಮ್ಯಾಲೊಲ್ಯಾಕ್ಟಿಕ್, ಅಂದರೆ ಆ ಬ್ಯಾಕ್ಟೀರಿಯಾದಿಂದ ಹುಳಿ ಇಳಿಸುವ ಹುದುಗು, ಮಾಡಲು ಹೋಗಬೇಡಿ.

ಎಡಿಸನ್_ಜರ್ಸಿ

ನಾನು ಅಮೆರಿಕದಿಂದ. ಇಲ್ಲಿ 1978ರ ಕಾಯ್ದೆಯ ಪ್ರಕಾರ ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100 ಗ್ಯಾಲನ್ ತನಕ ತೆರಿಗೆ ಇಲ್ಲದೆ ಮಾಡಬಹುದು, ಮಾರುವಂತಿಲ್ಲ. ಕಿಟ್ ಎಂಬ ಯೋಚನೆ ಹಳೆಯದು ಅಂತೀನಿ. 1920ರಿಂದ 1933ರ ತನಕ ಪಾನನಿಷೇಧ ಇದ್ದಾಗ ಇಲ್ಲಿ ಗಟ್ಟಿ ದ್ರಾಕ್ಷಿ ರಸವನ್ನು ಇಟ್ಟಿಗೆಯ ಹಾಗೆ ಮಾಡಿ ಮಾರುತ್ತಿದ್ದರು.

ಕಾಯಲು ಆಗದವರಿಗೆ ನನ್ನ ಉಪಾಯ. ಪ್ರತಿ ಕಿಟ್‌ನಲ್ಲಿ ಆರು ಅರ್ಧ ಬಾಟಲಿ ತುಂಬಿ, 375 ಮಿಲಿಯದು. ಚಿಕ್ಕ ಬಾಟಲಿಯಲ್ಲಿ ವೈನ್ ಬೇಗ ಹಣ್ಣಾಗುತ್ತದೆ. ಮೂರು ತಿಂಗಳಿಗೊಂದು ತೆಗೆಯಿರಿ. ದೊಡ್ಡ ಬಾಟಲಿಗಳು ಎತ್ತ ಹೋಗುತ್ತಿವೆ ಎಂದು ಗೊತ್ತಾಗುತ್ತದೆ, ಆಸೆಯೂ ತೀರುತ್ತದೆ. ಪ್ರತಿ ಸಲ ಎರಡು ಸಾಲು ಬರೆದಿಡಿ. ನನ್ನ ಮಾಲ್ಬೆಕ್ 14 ತಿಂಗಳಿಗೆ ತುದಿ ಮುಟ್ಟಿತು, 20ಕ್ಕೆ ಇಳಿಯಲು ಶುರುವಾಯಿತು. ಬರೆದಿಡದೆ ಇದ್ದಿದ್ದರೆ ಇನ್ನೂ ಚೆನ್ನಾಗಬಹುದು ಎಂದು ಎಲ್ಲ ಕಳೆದುಕೊಳ್ಳುತ್ತಿದ್ದೆ.

ನೆಲಮಾಳಿಗೆ_ಮಿಸಿಸಾಗಾ (ಹತ್ತು ತಿಂಗಳ ಮೇಲೆ)

ಮತ್ತೆ ಬಂದೆ. ನೀವೆಲ್ಲ ಹೇಳಿದ್ದನ್ನು ಮಾಡಿ ನೋಡಿದೆ, ಫಲಿತಾಂಶ ಬರೆಯಲೇಬೇಕು.

ಎರಡನೇ ಕಿಟ್‌ಗೆ ಈಗ ಒಂದು ವರ್ಷ. ನಡುವೆ ಅದೇ ಅಂಗಡಿಯಿಂದ ಅದೇ ಡಬ್ಬ ತಂದು ಮೂರನೆಯದೂ ಮಾಡಿದೆ, ಅದಕ್ಕೆ ಮೂರು ತಿಂಗಳು. ಮೂರನೆಯದನ್ನು ಮೇಲೆ ಅಡುಗೆಮನೆಗೆ ತಂದು ಬೆಚ್ಚಗೆ ಮಾಡಿ, ಹೆಬ್ಬೆರಳಿಗೆ ಸದ್ದು ಬರದ ತನಕ ಕಲಕಿದೆ, ನಾಲ್ಕು ಸಲ ಬೇಕಾಯಿತು.

ಹೋದ ಶನಿವಾರ ಮೂರು ಲೋಟ ಇಟ್ಟೆವು. ಮೊದಲನೆಯದು ಮೂರು ತಿಂಗಳಿನದು, ಬಾಟಲಿಯಿಂದ ನೇರ. ಎರಡನೆಯದು ಅದೇ ವೈನ್, ಎತ್ತಿ ಹೊಯ್ದು ಎರಡು ಗಂಟೆ ಜಗ್‌ನಲ್ಲಿ ಬಿಟ್ಟದ್ದು. ಮೂರನೆಯದು ಒಂದು ವರ್ಷದ್ದು, ಎರಡು ದಿನ ನಿಲ್ಲಿಸಿ, ಟಾರ್ಚ್ ಹಿಡಿದು, ಆಗಷ್ಟೇ ಬಸಿದದ್ದು. ಹೆಂಡತಿ ಸುರಿದು ಲೋಟದ ತಳಕ್ಕೆ ಚೀಟಿ ಅಂಟಿಸಿದಳು. ನಾನೂ ಇಬ್ಬರು ಗೆಳೆಯರೂ ಕುಡಿದು ಹೇಳಬೇಕು.

ಮೂರೂ ಜನ ವರ್ಷದ್ದನ್ನು ಮೊದಲ ಗುಟುಕಿಗೇ ಗುರುತು ಹಿಡಿದೆವು. ಜಗ್‌ನದ್ದರಲ್ಲಿ ಪರಿಮಳ ಚೆನ್ನಾಗಿ ಬಂದಿತ್ತು, ಕಡ್ಡಿ ಗೀರಿದ ವಾಸನೆ ಪೂರ್ತಿ ಹೋಗಿತ್ತು, ನೇರ ಸುರಿದದ್ದಕ್ಕಿಂತ ಎಷ್ಟೋ ಮೇಲು. ಆದರೆ ನುಂಗಿದ ಮೇಲೆ ಹಸಿ ಅಡಿಕೆ ಕಚ್ಚಿದಂತೆ ಒಸಡು ಹಿಡಿಯಿತು. ವರ್ಷದ್ದು ಹಿಡಿಯಲಿಲ್ಲ. ಜಗ್ ಎಂದು ಹೇಳಿದ ಗೆಳೆಯರೂ ಅಲ್ಲೇ ಇದ್ದರು, ಅವರೇ ಮೊದಲು ಒಪ್ಪಿದರು. ಊಟಕ್ಕೆ ಎಣ್ಣೆಗಾಯಿ ಇತ್ತು. ಎಳೆಯ ವೈನ್ ಜೊತೆ ಖಾರ ದುಪ್ಪಟ್ಟು ಸುಟ್ಟಿತು, ಹಳೆಯದರ ಜೊತೆ ಅಷ್ಟಿಲ್ಲ.

ಮೂರನೇ ಕಿಟ್‌ಗೆ ಕಾಲು ಚಮಚ ಸಲ್ಫೈಟ್ ಹೆಚ್ಚಿಗೆ ಹಾಕಿದ್ದೇನೆ, ಆರು ಅರ್ಧ ಬಾಟಲಿಯೂ ತುಂಬಿದ್ದೇನೆ. ಉಳಿದವು ಹೊರಗೋಡೆಯ ಪಕ್ಕ ಅಕ್ಕಿ ಮೂಟೆಗಳ ಹಿಂದೆ ಮಲಗಿವೆ. ಒಂದು ಕೇಳುವುದಿದೆ. ಅಲ್ಲಿ ಬೇಸಿಗೆಯಲ್ಲಿ 20 ಡಿಗ್ರಿ ಮುಟ್ಟುತ್ತದೆ, ಚಳಿಗಾಲಕ್ಕೆ 13. ನಡೆಯುತ್ತದಾ?

ಒಗರು_ಪ್ರಿಯ, ಕ್ಯಾಲ್ಗರಿ

ನಡೆಯುತ್ತದೆ. ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿದರೆ ತೊಂದರೆ ಇಲ್ಲ, ಸ್ವಲ್ಪ ಬೇಗ ಹಣ್ಣಾಗುತ್ತದೆ ಅಷ್ಟೆ. ಎರಡು ವರ್ಷ ಎಂದುಕೊಂಡಿದ್ದರೆ ಒಂದೂವರೆಗೆ ಒಂದು ತೆಗೆದು ನೋಡಿ. ಬೇಸಿಗೆಯಲ್ಲಿ ಬಿರಡೆಯ ಸುತ್ತ ಜಿನುಗಿದೆಯಾ ಎಂದು ತಿಂಗಳಿಗೊಮ್ಮೆ ಬೆರಳಾಡಿಸಿ ನೋಡಿ. ಜಿನುಗಿದ ಬಾಟಲಿಯನ್ನು ಮೊದಲು ಕುಡಿಯಿರಿ.